ನನ್ನ ಗರ್ಭಕೋಶದ ಮಾತನ್ನು ನನ್ನ ಹತ್ತಿರ ಆಡಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 44. ಹನ್ನೆರಡು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇದೆ. ಈ ದಸರಾ ರಜೆಯಲ್ಲಿ ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದೇನೆ. ಈ ತೀರ್ಮಾನಕ್ಕೆ ಬರಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಹಿಡಿಯಬೇಕಿರಲಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ಎಂ.ಎಸ್. ಎಂದರೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಕೆಡಿಸುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು, ಅದೂ ಬಹುಪಾಲು 20ರಿಂದ 40ರ ನಡುವೆ, ಮದುವೆ ಬಾಣಂತನದ ವಯಸ್ಸಿನಲ್ಲೇ ಬರುತ್ತದೆ. 2013ರಲ್ಲಿ ನನ್ನ ಬಲಗಣ್ಣು ಮಂಜಾಯಿತು. ನಾನೇ ಕೆಂಪು ಶಾಯಿಯಲ್ಲಿ ತಿದ್ದಿದ ನೋಟ್‌ಬುಕ್ಕು ಆ ಕಣ್ಣಿಗೆ ಮಾಸಿದ ಇಟ್ಟಿಗೆ ಬಣ್ಣವಾಗಿ ಕಾಣುತ್ತಿತ್ತು. ಮೂರು ವರ್ಷದ ಮೇಲೆ ಬಲಗಾಲಿಗೆ ಬಂತು. ಈಗ ಕೋಲು ಹಿಡಿದು ನಡೆಯುತ್ತೇನೆ.

ಕಾಯಿಲೆ ಶುರುವಾದಾಗ ಮಗಳಿಗೆ ಐದು ವರ್ಷ. ಇನ್ನೊಂದು ಮಗು ಬೇಕೆಂದು ನನಗೆ ಬಹಳ ಆಸೆಯಿತ್ತು. "ಈ ಕಾಯಿಲೆ ಇಟ್ಟುಕೊಂಡು ಬಸಿರಾ?" ಎಂದು ಆಸ್ಪತ್ರೆಯಲ್ಲೂ ಅಂದರು, ಮನೆಯಲ್ಲೂ ಅಂದರು. ಎಂ.ಎಸ್. ಇದ್ದವರು ತಾಯಿಯಾಗಬಾರದೆಂಬ ನಿಯಮವೇನೂ ಇಲ್ಲ, ಬಸಿರಿನ ಕೊನೆಯ ಮೂರು ತಿಂಗಳು ಕಾಯಿಲೆ ಮರುಕಳಿಸುವುದು ಕಡಿಮೆ, ಹೆರಿಗೆಯಾದ ಮೊದಲ ಮೂರು ತಿಂಗಳು ಹೆಚ್ಚು, ಔಷಧಿಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು ಎಂದು ನನಗೆ ಗೊತ್ತಾಗುವ ಹೊತ್ತಿಗೆ ವಯಸ್ಸು ಕಳೆದಿತ್ತು. ನನ್ನ ಗರ್ಭಕೋಶದ ಬಗ್ಗೆ ಬೇರೆಯವರು ಒಂದು ಸಲ ತೀರ್ಮಾನ ಮಾಡಿ ಆಗಿತ್ತು. ಎರಡನೇ ಸಲವೂ ಹಾಗಾಗಲು ಬಿಡಬಾರದು ಎಂಬ ಹಟ ನನ್ನಲ್ಲಿ ಇದ್ದದ್ದು ಅದಕ್ಕೇ.

ಕಳೆದ ವರ್ಷ ಮುಟ್ಟು ಕಟ್ಟೆಯೊಡೆಯಿತು. ಹತ್ತು ಹನ್ನೊಂದು ದಿನ, ಹೆಪ್ಪುಗಟ್ಟಿದ ರಕ್ತ. ನಮ್ಮ ಶಾಲೆಯ ಶೌಚಾಲಯ ಮೈದಾನದ ಆಚೆ ತುದಿಯಲ್ಲಿದೆ. ಕೋಲೂರಿ ನಡೆಯುವವಳಿಗೆ ಅದು ದೂರ. ಎಂ.ಎಸ್. ಇರುವ ಬಹಳ ಮಂದಿಗೆ ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ. ನನಗೂ ಆಗುವುದಿಲ್ಲ. ಎರಡೆರಡು ಪ್ಯಾಡ್ ಇಟ್ಟು, ಕಡುಬಣ್ಣದ ಸೀರೆಯುಟ್ಟು, ಪಾಠ ನಿಲ್ಲಿಸಿ ಹೋಗಿ ಬರುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತಿತ್ತು. ಮೈ ಸ್ವಲ್ಪ ಬಿಸಿಯಾದರೂ ನಮ್ಮಲ್ಲಿ ಬಹಳ ಮಂದಿಗೆ ಕೈಕಾಲು ಸೋಲುತ್ತವೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಸಾಮಾನ್ಯವಾಗಿ ಹೆಂಗಸರ ಮೈ ಒಂದಿಷ್ಟು ಬಿಸಿ ಏರಿರುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲು ಅದರ ಜೊತೆ ಸೇರಿದರೆ ನನಗೆ ಹೊಸ್ತಿಲು ದಾಟುವುದೂ ಕಷ್ಟ.

ನನಗೆ ಇವತ್ತಿಗೂ ನೋವಾಗುವುದು ಸುಸ್ತಿನ ವಿಷಯದಲ್ಲಿ. ಸುಸ್ತು, ಸುಸ್ತು ಎಂದು ಎಂಟು ತಿಂಗಳು ಹೇಳಿದೆ. "ಎಂ.ಎಸ್. ಅಲ್ವಾ, ಸುಸ್ತು ಇದ್ದದ್ದೇ" ಎಂದೇ ಎಲ್ಲರೂ ಅಂದರು. ಕಡೆಗೆ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳಲು ಶುರುವಾದಾಗ ಮಗಳೇ ಹಟ ಹಿಡಿದು ಲ್ಯಾಬಿಗೆ ಕರೆದುಕೊಂಡು ಹೋದಳು. ಹಿಮೋಗ್ಲೋಬಿನ್ 6.8, ಅಂದರೆ ತೀವ್ರ ರಕ್ತಹೀನತೆ. ದೊಡ್ಡ ಕಾಯಿಲೆಯೊಂದರ ಹೆಸರು ಫೈಲಿನ ಮೇಲೆ ಬಿದ್ದರೆ, ಒಳಗಿನ ಬೇರೆ ಕಾಯಿಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಬ್ಬಿಣಾಂಶದ ಡ್ರಿಪ್ ಎರಡು ಸಲ ಹಾಕಿದ ಮೇಲೆ ನನ್ನ ಸುಸ್ತಿನಲ್ಲಿ ಅರ್ಧಕ್ಕರ್ಧ ಎಂ.ಎಸ್. ಸುಸ್ತಾಗಿರಲಿಲ್ಲ ಎಂದು ಗೊತ್ತಾಯಿತು.

ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ನಾಲ್ಕು ಗಡ್ಡೆ ಕಂಡವು. ಮೊದಲು ಹೋದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಮಂಚ ನನ್ನ ಸೊಂಟದೆತ್ತರ. ಹತ್ತಲು ಎರಡು ಮೆಟ್ಟಿಲಿನ ಕಬ್ಬಿಣದ ಸ್ಟೂಲು, ಹಿಡಿಯಲು ಏನೂ ಇಲ್ಲ. ಬಲಗಾಲು ಎತ್ತಿ ಇಡಲು ಆಗಲಿಲ್ಲ. ಇಬ್ಬರು ಆಯಾಗಳು ರಟ್ಟೆ ಹಿಡಿದು ಮೇಲೆಳೆದರು. ಮಲಗಿದ ಮೇಲೆ ಕಾಲು ಸೆಟೆದುಕೊಂಡು ಗಡಗಡ ಅದುರತೊಡಗಿತು. "ಕಾಲು ಸಡಿಲ ಬಿಡಮ್ಮಾ" ಎಂದು ಗದರಿದರು. ಅದು ನನ್ನ ಮಾತು ಕೇಳುವ ಕಾಲಲ್ಲ ಎಂದು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ವೈದ್ಯರು ನನ್ನನ್ನು ಬಿಟ್ಟು ನನ್ನ ಯಜಮಾನರ ಮುಖ ನೋಡಿ ಹೇಳಿದರು: "ಒಬ್ಬಳು ಮಗಳಿದ್ದಾಳಲ್ಲ ಸರ್. ಇವರಿಗೆ ಮೊದಲೇ ಇಂಥ ಕಾಯಿಲೆ. ಅಂಡಾಶಯ ಸಮೇತ ತೆಗೆದುಬಿಡೋಣ, ಮುಂದೆ ತಾಪತ್ರಯ ಇರಲ್ಲ." ಎರಡನೆಯ ಕಡೆ ಇದಕ್ಕೆ ತದ್ವಿರುದ್ಧ. "ನರದ ಕಾಯಿಲೆಯವರಿಗೆ ಅರಿವಳಿಕೆ ಕೊಡಲು ಆಗಲ್ಲ. ಮುಟ್ಟು ನಿಲ್ಲುವವರೆಗೆ ಸಹಿಸ್ಕೊಳ್ಳಿ." ಒಬ್ಬರಿಗೆ ನನ್ನ ಕಾಯಿಲೆ ಎಲ್ಲ ತೆಗೆಯಲು ಕಾರಣವಾಯಿತು, ಇನ್ನೊಬ್ಬರಿಗೆ ಏನೂ ಮಾಡದಿರಲು ಕಾರಣವಾಯಿತು. ಇಬ್ಬರಲ್ಲಿ ಯಾರೂ ನನ್ನ ನರರೋಗ ವೈದ್ಯರಿಗೆ ಒಂದು ಫೋನು ಮಾಡಲಿಲ್ಲ.

ಮೂರನೆಯ ವೈದ್ಯೆ ಮಾಡಿದರು. ಬೆಂಗಳೂರಿನಲ್ಲಿರುವ ನನ್ನ ನರರೋಗ ವೈದ್ಯರಿಗೆ ನನ್ನೆದುರೇ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಇಪ್ಪತ್ತು ನಿಮಿಷದಲ್ಲಿ ತಿಂಗಳುಗಟ್ಟಲೆಯ ಗೊಂದಲ ಬಿಡಿಸಿಕೊಂಡಿತು. ಎಂ.ಎಸ್. ಇದೆ ಎಂಬ ಕಾರಣಕ್ಕೆ ಅರಿವಳಿಕೆ ನಿಷಿದ್ಧವಲ್ಲ, ಜ್ವರ ಮತ್ತು ಸೋಂಕಿನ ಬಗ್ಗೆ ಹೆಚ್ಚು ಎಚ್ಚರ ಬೇಕು ಅಷ್ಟೆ. ಈಸ್ಟ್ರೋಜೆನ್ ಇರುವ ಮಾತ್ರೆ ನನಗೆ ಸರಿಹೋಗದು, ಓಡಾಟ ಕಡಿಮೆಯಿರುವವರಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ಕಾಪರ್-ಟಿ ಥರದ, ಹಾರ್ಮೋನ್ ಬಿಡುವ ಸಾಧನವನ್ನು ಗರ್ಭಕೋಶದೊಳಗೆ ಹಾಕಿ ನೋಡೋಣ ಎಂದರು. ಹಾಕಿದರು. ಗಡ್ಡೆಗಳಿಂದಾಗಿ ಮೂರೇ ತಿಂಗಳಲ್ಲಿ ಅದು ಹೊರಗೆ ಬಂತು. ಆಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು. ಅಂಡಾಶಯ ಉಳಿಸಬೇಕು, ಏಕೆಂದರೆ ವರ್ಷಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡಿನಿಂದ ನನ್ನ ಮೂಳೆ ಆಗಲೇ ಸವೆದಿದೆ, ಅಂಡಾಶಯವೂ ಹೋದರೆ ಇನ್ನಷ್ಟು ಸವೆಯುತ್ತದೆ. ಎಂ.ಎಸ್. ಹತೋಟಿಗೆ ಆರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಡ್ರಿಪ್ ಜೂನ್‌ನಲ್ಲಿ ಆಯಿತು, ಮುಂದಿನದು ಡಿಸೆಂಬರ್‌ಗೆ. ನಡುವೆ ಅಕ್ಟೋಬರ್ ಸರಿಯಾದ ಕಾಲ. ಶಸ್ತ್ರಚಿಕಿತ್ಸೆಗೆಂದು ಮೂತ್ರಕ್ಕೆ ಹಾಕುವ ನಳಿಕೆಯನ್ನು ಆದಷ್ಟು ಬೇಗ ತೆಗೆಯಬೇಕು, ಅಲ್ಲಿ ಸೋಂಕಾದರೆ ಹಳೆಯ ತೊಂದರೆಗಳು ಮತ್ತೆ ತಲೆಯೆತ್ತಬಹುದು. ಎಲ್ಲವನ್ನೂ ಆಕೆ ನನಗೇ ಹೇಳಿದರು, ಕನ್ನಡದಲ್ಲಿ. "ಮನೆಗೆ ಹೋಗಿ ಯೋಚಿಸಿ, ಆತುರವಿಲ್ಲ" ಎಂದರು. ಮೂರು ವಾರ ಯೋಚಿಸಿ, ಮಾಡಿಸುತ್ತೇನೆ ಎಂದೆ.

ನನ್ನ ಅಕ್ಕನಿಗೆ ಇಂಥ ಯೋಚನೆಗೆ ಅವಕಾಶವೇ ಸಿಗಲಿಲ್ಲ. ಬಿಳಿಮುಟ್ಟು ಎಂದು ಹೋದವಳಿಗೆ 32ನೇ ವಯಸ್ಸಿನಲ್ಲಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಇವತ್ತು ಅವಳಿಗೆ ಬಾವಿಯಿಂದ ಒಂದು ಕೊಡ ನೀರು ಎತ್ತಲು ಸೊಂಟ ಬಿಡುವುದಿಲ್ಲ. ಹೀಗೆಯೇ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡ ಕಲಬುರಗಿಯ ಲಂಬಾಣಿ ತಾಂಡಾಗಳ ಹೆಂಗಸರ ಗೋಳು ನಿಮ್ಮ ಓದುಗರಿಗೆ ನೆನಪಿರಬಹುದು. ಸಾರ್ವಜನಿಕ ಆರೋಗ್ಯ ಕಾರ್ಯಕರ್ತ ಡಾ. ನರೇಂದ್ರ ಗುಪ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು. ನಮ್ಮ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಒಂದು. ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ವಿಕಲಚೇತನರಿಗೆ ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಮಾಡಬಾರದು ಎನ್ನುತ್ತದೆ ಅದರ 10ನೇ ಸೆಕ್ಷನ್. ಸರ್ಕಾರಿ, ಖಾಸಗಿ ಎನ್ನದೆ ಆಸ್ಪತ್ರೆಯ ಎಲ್ಲ ಭಾಗಗಳಿಗೂ ನಾವು ಅಡೆತಡೆಯಿಲ್ಲದೆ ಹೋಗುವಂತಿರಬೇಕು ಎನ್ನುತ್ತದೆ 25ನೇ ಸೆಕ್ಷನ್.

ಆರೋಗ್ಯ ಇಲಾಖೆಯನ್ನು ನಾನು ಕೇಳುವುದು ಇಷ್ಟೇ. ನರರೋಗ ಇರುವ ಹೆಂಗಸಿನ ಗರ್ಭಕೋಶ ತೆಗೆಯುವ ಮೊದಲು ಅವಳ ನರರೋಗ ವೈದ್ಯರ ಅಭಿಪ್ರಾಯ ಫೈಲಿನಲ್ಲಿ ಲಿಖಿತವಾಗಿ ಇರಲಿ. ಅಂಡಾಶಯವನ್ನೂ ತೆಗೆಯುವುದಾದರೆ ಕಾರಣವನ್ನು ಅವಳಿಗೆ ಕನ್ನಡದಲ್ಲಿ ಬರೆದುಕೊಡಲಿ. ಪ್ರತಿ ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಕೆಳಗಿಳಿಸಬಹುದಾದ ಒಂದು ಪರೀಕ್ಷಾ ಮಂಚ ಇರಲಿ. ಅದು ಬರುವವರೆಗೆ ಆ ಕಬ್ಬಿಣದ ಸ್ಟೂಲಿಗೆ ಒಂದು ಹಿಡಿಕೆಯನ್ನಾದರೂ ಬೆಸುಗೆ ಹಾಕಿಸಲಿ. ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದು ಅರ್ಧ ಗಂಟೆಯ ಕೆಲಸ.

— ಒಬ್ಬ ಶಿಕ್ಷಕಿ, ದಾವಣಗೆರೆ ಜಿಲ್ಲೆ
(ಶಾಲೆಯಲ್ಲಿ ಇನ್ನೂ ತಿಳಿಸಿಲ್ಲ. ದಯವಿಟ್ಟು ಹೆಸರು ಪ್ರಕಟಿಸಬೇಡಿ.)