ಎಸ್.ಪಿ. ರೋಡಿನ ಆ ಅಣ್ಣನಿಗೆ ಧನ್ಯವಾದ

ಅಣ್ಣಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾನು ಎಸ್‌ಟಿಸಿ-1000 ಕಂಟ್ರೋಲರ್ (ಶಾಖವನ್ನು ಒಂದೇ ಮಟ್ಟದಲ್ಲಿ ಕಾಯುವ ಸಾಧನ) ಕೊಳ್ಳುವಾಗ ನೀವೂ ಅಂಗಡಿಗೆ ಬಂದಿದ್ದಿರಿ. ನಾಟಿ ಕೋಳಿ ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೆ ಅಂತ ತಿಳಿದದ್ದೇ ತಡ, ನಿಮ್ಮ ಕೆಲಸ ಬಿಟ್ಟು ಎಲ್ಲಾ ಬಿಡಿಸಿ ಹೇಳಿದಿರಿ.

‘ಎಸ್’ ಬಟನ್ 3 ಸೆಕೆಂಡು ಒತ್ತಿ ಹಿಡಿದರೆ ಮೆನು ಬರುತ್ತದೆ. ಎಫ್1ರಲ್ಲಿ ಬೇಕಾದ ಶಾಖ, 37.5 ಡಿಗ್ರಿ ಸೆಲ್ಸಿಯಸ್; ಫ್ಯಾನ್ ಇರುವ ಪೆಟ್ಟಿಗೆಗೆ ಇದು ಸರಿ. ಎಫ್2ರಲ್ಲಿ ಶಾಖ ಎಷ್ಟು ಇಳಿಯಬಹುದು ಅನ್ನುವ ಅಂತರ, 0.3. ಅಂದರೆ 37.2ಕ್ಕೆ ಇಳಿದಾಗ ಶಾಖ ಕೊಡುವ ಬಲ್ಬ್ ಹತ್ತಿ, 37.5ಕ್ಕೆ ಆರುತ್ತದೆ. ಎಫ್3 ಇರುವುದು ಫ್ರಿಜ್ ಕಂಪ್ರೆಸರ್‌ಗೆ, ನನಗೆ ಬೇಡ. ಕೊನೆಗೆ ಪವರ್ ಬಟನ್ ಒತ್ತಲೇಬೇಕು, ಇಲ್ಲದಿದ್ದರೆ ಬದಲಾಯಿಸಿದ್ದು ಉಳಿಯುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಉಪಕಾರವಾದದ್ದು ಎಫ್4, ಅಂದರೆ ಸೆನ್ಸರ್ ತಪ್ಪು ತೋರಿಸಿದರೆ ತಿದ್ದುವ ಜಾಗ. ಸೆನ್ಸರನ್ನು ಮೊಟ್ಟೆಯ ಮಟ್ಟಕ್ಕೇ ಇಟ್ಟು, ಪಕ್ಕದಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇಟ್ಟು ತಾಳೆ ನೋಡಿ ಅಂದಿರಿ. ನೋಡಿದರೆ ಕಂಟ್ರೋಲರ್ 0.6 ಡಿಗ್ರಿ ಕಡಿಮೆ ತೋರಿಸುತ್ತಿತ್ತು! ಸುಮ್ನೆ ಬಿಟ್ಟಿದ್ದರೆ 21 ದಿನವೂ ಮೊಟ್ಟೆಗೆ ಶಾಖ ಹೆಚ್ಚಾಗುತ್ತಿತ್ತು. ಎಫ್4ರಲ್ಲಿ 0.6 ಕೂಡಿಸಿದೆ, ಸರಿಹೋಯಿತು.

ಮರಿಗಳು ಚೆನ್ನಾಗಿವೆ ಅಣ್ಣಾ. ಗುರುತಿಲ್ಲದವರಿಗೆ ಇಷ್ಟು ತಾಳ್ಮೆಯಿಂದ ಯಾರು ಹೇಳಿಕೊಡುತ್ತಾರೆ? ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಮಾತು ತಿಳಿಸಿ. ಪೆಟ್ಟಿಗೆಯ ತೇವಾಂಶದ ಬಗ್ಗೆಯೂ ನಿಮ್ಮನ್ನು ಕೇಳುವುದಿದೆ.