ಅವರೆಕಾಯಿ ಬಿಡಿಸುತ್ತ ಕೂತ ಸಂಜೆ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಎಲ್ಲರ ಮನೆಯಲ್ಲೂ ಸಂಕ್ರಾಂತಿ ಚೆನ್ನಾಗಿ ಆಯಿತು ಅಂದುಕೊಂಡಿದ್ದೇನೆ. ಹಬ್ಬದ ಮಾರನೇ ದಿನ ಮಕ್ಕಳು ಎಳ್ಳುಬೆಲ್ಲದ ಪೊಟ್ಟಣ, ಕಬ್ಬಿನ ತುಂಡು ತಂದು ನಮ್ಮ ಸ್ಟಾಫ್ ರೂಮಿನ ಮೇಜು ತುಂಬಿಸಿಬಿಟ್ಟರು. ಕೊಟ್ಟು ಕಳಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೋದ ವಾರ ಐದನೇ ತರಗತಿಯ ಟೀಚರ್ ರಜೆಯಲ್ಲಿದ್ದರು. ಹಾಗಾಗಿ ಆ ಪೀರಿಯಡ್‌ಗೆ ನಾನೇ ಹೋದೆ. ನಿಮಗೆ ತುಂಬಾ ಖುಷಿಯಾದ ಒಂದು ದಿನದ ಬಗ್ಗೆ ಬರೀರಿ ಅಂತ ಮಕ್ಕಳಿಗೆ ಹೇಳಿದೆ. ಹುಟ್ಟುಹಬ್ಬದ ಕೇಕು, ಹೊಸ ಸೈಕಲ್ಲು, ಮೊಬೈಲ್ ಗೇಮು, ಇಂಥವೇ ಬರುತ್ತವೆ ಅಂದುಕೊಂಡಿದ್ದೆ. ಒಂದೆರಡು ಬಂದವು ಕೂಡ. ಆದರೆ ಉಳಿದವನ್ನು ಓದುತ್ತಾ ಹೋದ ಹಾಗೆ ನಾನು ಸುಮ್ಮನಾಗಿಬಿಟ್ಟೆ. ಒಬ್ಬ ಹುಡುಗ ಬರೆದಿದ್ದ, ಒಂದು ರಾತ್ರಿ ಕರೆಂಟ್ ಹೋಗಿ ಮನೆಯವರೆಲ್ಲಾ ತಾರಸಿ ಮೇಲೆ ಚಾಪೆ ಹಾಕಿಕೊಂಡು ಮಲಗಿದ್ದರಂತೆ, ಅಜ್ಜಿ ಕಥೆ ಹೇಳುತ್ತಾ ಹೇಳುತ್ತಾ ತಾವೇ ನಿದ್ದೆ ಹೋದರಂತೆ. ಇನ್ನೊಬ್ಬ ಅಪ್ಪನ ಜೊತೆ ಗದ್ದೆಗೆ ಹೋಗಿ ಪಂಪ್‌ಸೆಟ್ಟಿನ ನೀರಿಗೆ ತಲೆ ಕೊಟ್ಟಿದ್ದನ್ನು ಒಂದು ಪುಟ ಬರೆದಿದ್ದ. ಒಬ್ಬಳು ಹುಡುಗಿ ಮಾತ್ರ ಎರಡೇ ಸಾಲು ಬರೆದಿದ್ದಳು: "ಅಮ್ಮ ನನ್ನ ಜೊತೆ ಕುಂಟೆಬಿಲ್ಲೆ ಆಡಿದರು. ಅಮ್ಮನಿಗೆ ಕುಂಟೆಬಿಲ್ಲೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ."

ಆ ಎರಡು ಸಾಲು ಓದಿದ ಮೇಲೆ ನಿಮಗೆ ಒಂದು ಪತ್ರ ಬರೆಯಲೇಬೇಕು ಅನ್ನಿಸಿತು.

ಪೋಷಕರ ಸಭೆಗೆ ಬಂದಾಗಲೆಲ್ಲಾ ನೀವು ನನ್ನನ್ನು ಕೇಳುತ್ತೀರಿ. ಮಿಸ್, ಇವನು ಸೊರಗಿದ್ದಾನೆ, ಯಾವ ಪೌಡರ್ ಕೊಡಲಿ? ಇವಳು ಫೋನ್ ಬಿಡಲ್ಲ, ನೀವಾದರೂ ಸ್ವಲ್ಪ ಗದರಿಸಿ. ಇವನು ತರಕಾರಿ ಮುಟ್ಟಲ್ಲ, ಏನು ಮಾಡೋದು? ಇಷ್ಟು ವರ್ಷ ಮಕ್ಕಳ ಜೊತೆ ಇದ್ದು ನನಗೆ ಗೊತ್ತಾಗಿರುವುದು ಒಂದೇ. ನೀನು ಹೋಗಿ ಆಡು, ನೀನು ಸೊಪ್ಪು ತಿನ್ನು, ನೀನು ಫೋನ್ ಇಡು ಅಂದರೆ ಮಕ್ಕಳು ಕೇಳಲ್ಲ. ಬಾ ಆಡೋಣ, ಬಾ ತಿನ್ನೋಣ ಅಂದರೆ ಓಡಿ ಬರುತ್ತಾರೆ. ಮಗುವಿನ ಆರೋಗ್ಯ ಅಂತ ಬೇರೆ ಇಲ್ಲ. ಇಡೀ ಮನೆ ಹೇಗಿದೆಯೋ ಮಗುವೂ ಹಾಗೇ ಇರುತ್ತೆ.

ಈಗ ಅವರೆಕಾಯಿ ಕಾಲ ಅಲ್ವಾ, ಅಲ್ಲಿಂದಲೇ ಶುರು ಮಾಡುತ್ತೇನೆ. ಸೊಗಡಿನ ಕಾಯಿ ಒಂದೆರಡು ಕೆ.ಜಿ. ತಂದು ನಡುಮನೆಯಲ್ಲಿ ಪೇಪರ್ ಹಾಸಿ ಸುರಿಯಿರಿ. ಟಿವಿ ಆಫ್ ಮಾಡಿ. ಎಲ್ಲರೂ ಸುತ್ತ ಕೂತು ಬಿಡಿಸಿ, ಅಪ್ಪಂದಿರೂ ಕೂರಬೇಕು. ಒಂದು ಕಾಯಿಯಲ್ಲಿ ಹಸಿರು ಹುಳ ಸಿಕ್ಕಿದರೆ ಮಕ್ಕಳು ಕಿರುಚುತ್ತಾರೆ, ಆಮೇಲೆ ಅದನ್ನೇ ಹುಡುಕುತ್ತಾ ಕೂರುತ್ತಾರೆ. ಕಾಳನ್ನು ನೀರಲ್ಲಿ ನೆನೆ ಹಾಕಿ, ಮಾರನೇ ದಿನ ಹಿತುಕುವ ಕೆಲಸ ಅವರಿಗೇ ಬಿಡಿ. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಹಾರುತ್ತೆ, ಒಂದಷ್ಟು ಪಾತ್ರೆಗೆ ಬಿದ್ದರೆ ಒಂದಷ್ಟು ಸೋಫಾ ಕೆಳಗೆ ಹೋಗುತ್ತೆ, ಹೋಗಲಿ ಬಿಡಿ. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತೆ. ನಮ್ಮ ಮನೆಯಲ್ಲಿ ಪಿಯುಸಿ ಓದುವ ಮಗ ಇದ್ದಾನೆ, ಕೇಳಿದ ಪ್ರಶ್ನೆಗೆ ಹ್ಞೂಂ, ಊಹ್ಞೂಂ ಬಿಟ್ಟು ಬೇರೆ ಉತ್ತರ ಇಲ್ಲ. ಹೋದ ಶನಿವಾರ ಅವರೆಕಾಳು ಹಿತುಕುತ್ತಾ, ಯಾರ ಮುಖವನ್ನೂ ನೋಡದೆ, ಫಿಸಿಕ್ಸ್ ಅರ್ಥ ಆಗ್ತಿಲ್ಲಮ್ಮ, ಭಯ ಆಗುತ್ತೆ ಅಂದ. ಮೂರು ತಿಂಗಳಿಂದ ಆ ಮಾತು ಅವನ ಒಳಗೇ ಇತ್ತಂತೆ. ನಾನು ಟೀಚರ್ ಆಗಿದ್ದೂ ನನಗೆ ಗೊತ್ತಾಗಿರಲಿಲ್ಲ.

ತಾನೇ ಬಿಡಿಸಿದ ಕಾಳಿನ ಸಾರನ್ನು ಮಗು ಬೇಡ ಅನ್ನಲ್ಲ, ಇದನ್ನು ನೀವೇ ಪರೀಕ್ಷೆ ಮಾಡಿ ನೋಡಿ. ಸೊಪ್ಪು ಸೋಸುವುದು, ಮೆಂತ್ಯದ ಎಲೆ ಬಿಡಿಸುವುದು, ನುಗ್ಗೆಸೊಪ್ಪು ಉದುರಿಸುವುದು, ಕೋಸಂಬರಿಗೆ ಸೌತೆಕಾಯಿ ಹೆಚ್ಚುವುದು, ಎಲ್ಲದಕ್ಕೂ ಇದೇ ಮಾತು. ಹುಡುಗರ ಕೈಯಲ್ಲೂ ಮಾಡಿಸಿ.

ಪೌಡರ್ ಡಬ್ಬಿಯ ವಿಷಯ ಹೇಳಿಬಿಡುತ್ತೇನೆ. ಆ ದುಡ್ಡಿಗೆ ರಾಗಿ, ಕಡಲೆಬೀಜ, ಹೆಸರುಕಾಳು, ಮೊಟ್ಟೆ ತನ್ನಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಂ ಆಸುಪಾಸು. ನಮ್ಮ ಕಡೆ ಮುದ್ದೆ, ಬಸ್ಸಾರು, ಉಪ್ಪುಸಾರು ತಿಂದೇ ನಮ್ಮ ಅಜ್ಜಿಯರು ಗದ್ದೆ ನಾಟಿ ಮಾಡಿದ್ದು. ಇವತ್ತಿನ ಮಕ್ಕಳಿಗೆ ಮುದ್ದೆ ನುಂಗಕ್ಕೆ ಬರಲ್ಲ ಅಂದರೆ ರಾಗಿ ರೊಟ್ಟಿ ತಟ್ಟಿ, ರಾಗಿ ದೋಸೆ ಹುಯ್ಯಿರಿ. ಶಾಲೆಯಲ್ಲಿ ನಾವು ಹಾಲು, ರಾಗಿ ಮಾಲ್ಟ್, ಬಿಸಿಯೂಟ, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತೇವೆ. ಆದರೆ ಅದು ಮನೆ ತಿಂಡಿಯ ಬದಲಿಗೆ ಅಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಡಿಸೆಂಬರ್‌ನಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ ಆರನೇ ತರಗತಿಯ ಹುಡುಗನೊಬ್ಬ ನಾಡಗೀತೆ ಮುಗಿಯುವ ಮೊದಲೇ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು, ಕೈ ತಣ್ಣಗಿತ್ತು. ಬೆಳಿಗ್ಗೆ ಏನು ತಿಂದೆಯಪ್ಪಾ ಅಂದೆ. ಟೀ ಕುಡಿದೆ ಮಿಸ್ ಅಂದ. ಅಡುಗೆಮನೆಯಿಂದ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ತಂದು ಕೊಟ್ಟ ಮೇಲೆ ಕಾಲು ಗಂಟೆಯಲ್ಲಿ ಸರಿಹೋದ. ಅವನ ಅಮ್ಮನನ್ನು ನಾನು ಬೈಯುವುದಿಲ್ಲ. ಅವರು ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನ್ ಹತ್ತಬೇಕು, ಐದಕ್ಕೆ ಎದ್ದು ಎಲ್ಲಾ ಮಾಡಿಟ್ಟು ಹೋಗುತ್ತಾರೆ, ಇವನು ತಿನ್ನದೆ ಬರುತ್ತಾನೆ. ಅಂಥ ಮನೆಗಳಿಗೆ ನಾನು ಹೇಳುವುದು ಇಷ್ಟೇ. ಬಿಸಿ ತಿಂಡಿಯೇ ಆಗಬೇಕು ಅಂತ ಇಲ್ಲ. ರಾತ್ರಿಯೇ ಒಂದು ಡಬ್ಬಿಯಲ್ಲಿ ಹುರಿದ ಕಡಲೆಬೀಜ, ಒಂದು ಚೂರು ಬೆಲ್ಲ, ಎರಡು ಬಾಳೆಹಣ್ಣು ಇಟ್ಟುಬಿಡಿ, ದಾರಿಯಲ್ಲಿ ತಿನ್ನುತ್ತಾ ಬರಲಿ. ಅವಲಕ್ಕಿಗೆ ಮೊಸರು ಕಲೆಸಿಕೊಳ್ಳುವುದು ನಾಲ್ಕನೇ ತರಗತಿಯ ಮಗುವಿಗೂ ಬರುತ್ತೆ. ಬರೀ ಟೀ ಮಾತ್ರ ಬೇಡ. ಊಟದ ಜೊತೆ ಟೀ ಕುಡಿದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ. ಸೊಪ್ಪಿನ ಪಲ್ಯಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಚೆನ್ನಾಗಿ ಹತ್ತುತ್ತೆ. ವಾರಕ್ಕೊಂದು ಸಲ ನಾವು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಖಾಲಿ ಹೊಟ್ಟೆಯಲ್ಲಿ ಕೊಡಲು ಆಗುವುದಿಲ್ಲ, ಅದಕ್ಕೇ ಊಟ ಆದ ಮೇಲೆ ಕೊಡುತ್ತೇವೆ.

ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ ಬಗ್ಗೆ ಜಾಸ್ತಿ ಹೇಳಲ್ಲ. ನಿಮಗೂ ಗೊತ್ತಿದೆ. ಒಂದು ಚಿಕ್ಕ ಬಾಟಲಿ ಕೂಲ್‌ಡ್ರಿಂಕ್ಸ್‌ನಲ್ಲಿ ಸುಮಾರು ಐದು ಚಮಚ ಸಕ್ಕರೆ ಇರುತ್ತೆ ಅನ್ನುವುದನ್ನು ಮಾತ್ರ ಮಕ್ಕಳಿಗೆ ತೋರಿಸಿ. ಬಾಯಲ್ಲಿ ಹೇಳಬೇಡಿ, ಒಂದು ಲೋಟಕ್ಕೆ ಅವರ ಮುಂದೆಯೇ ಐದು ಚಮಚ ಸಕ್ಕರೆ ಹಾಕಿ ತೋರಿಸಿ.

ಇನ್ನು ಮೈ ಆಡಿಸುವ ವಿಷಯ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರುವ ಹಾಗೆ ಓಡಾಟ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಜಿಮ್ಮು, ಶೂಸು ಏನೂ ಬೇಡ. ಎರಡು ವರ್ಷದ ಹಿಂದೆ ನನಗೆ ಬಿಪಿ ಇದೆ ಅಂತ ಗೊತ್ತಾದಾಗ ಡಾಕ್ಟರು ಮಾತ್ರೆ ಬರೆದು, ದಿನಾ ಅರ್ಧ ಗಂಟೆ ನಡೀರಿ ಮೇಡಂ ಅಂದರು. ಒಬ್ಬಳೇ ನಾಲ್ಕು ದಿನ ನಡೆದೆ, ಐದನೇ ದಿನ ಮಳೆ, ಆರನೇ ದಿನ ತಲೆನೋವು, ಅಲ್ಲಿಗೆ ನಿಂತುಹೋಯಿತು. ಆಮೇಲೆ ರಾತ್ರಿ ಊಟ ಆದ ಮೇಲೆ ನಮ್ಮ ಯಜಮಾನರು, ಮಗ, ನಾನು ಮೂವರೂ ಬೀದಿ ಕೊನೆಯ ನೀರಿನ ಟ್ಯಾಂಕ್‌ವರೆಗೆ ಹೋಗಿ ಬರಲು ಶುರು ಮಾಡಿದೆವು. ಒಬ್ಬರಿಗೆ ಬೇಜಾರಾದ ದಿನ ಇನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ. ಮಾತ್ರೆ ಈಗಲೂ ತಗೋತೀನಿ, ನಡಿಗೆಯೂ ನಿಂತಿಲ್ಲ.

ಮಕ್ಕಳು ಸಂಜೆ ಬೆಳಕಿರುವಾಗ ಹೊರಗೆ ಇರಲಿ. ಹೊರಗಿನ ಬೆಳಕಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಂಜಾಗಿ ಕಾಣುವ ತೊಂದರೆ ಬರುವುದು ಕಡಿಮೆ. ಕರಿಹಲಗೆ ಕಾಣಲ್ಲ ಅಂತ ಮುಂದಿನ ಬೆಂಚಿಗೆ ಬರುವ ಮಕ್ಕಳನ್ನು ನೋಡುವಾಗಲೆಲ್ಲಾ ನನಗೆ ಇದೇ ನೆನಪಾಗುತ್ತೆ. ಲಗೋರಿಗೆ ಬೇಕಾಗಿರುವುದು ಏಳು ಹೆಂಚಿನ ಚೂರು, ಒಂದು ಚೆಂಡು. ಕುಂಟೆಬಿಲ್ಲೆಗೆ ಒಂದು ಸೀಮೆಸುಣ್ಣ, ಬೇಕಾದರೆ ನನ್ನ ಹತ್ತಿರ ಇಸಕೊಂಡು ಹೋಗಿ. ಮಳೆ ಬಂದ ದಿನ ಚೌಕಾಬಾರ, ಅಳಗುಳಿಮಣೆ ಆಡಿ. ಆ ಆಟದ ಲೆಕ್ಕ ಅಜ್ಜಿಯರಿಗೇ ಚೆನ್ನಾಗಿ ಬರುವುದು, ಮಕ್ಕಳು ಸೋತು ಸೋತು ಕಲಿಯುತ್ತಾರೆ.

ಭಾನುವಾರದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೆ ತುಂಬಾ ಇಷ್ಟವಾದ ವಿಷಯ ಇದು. ನಾವು ಮೈಸೂರಿನ ಪಕ್ಕದಲ್ಲೇ ಇದ್ದೇವೆ. ಎಲ್ಲೆಲ್ಲಿಂದಲೋ ಜನ ದುಡ್ಡು ಖರ್ಚು ಮಾಡಿಕೊಂಡು ಇಲ್ಲಿಗೆ ಬರುತ್ತಾರೆ, ನಮ್ಮ ಏಳನೇ ತರಗತಿಯಲ್ಲಿ ಚಾಮುಂಡಿ ಬೆಟ್ಟವನ್ನು ಒಮ್ಮೆಯೂ ಮೆಟ್ಟಿಲು ಹತ್ತಿ ನೋಡದ ಮಕ್ಕಳು ಇದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆಲ್ಲಾ ಪಾದದ ಹತ್ತಿರ ಇರಿ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುವ ಹೆಂಗಸರು ಸಿಗುತ್ತಾರೆ, ಅವರ ಹಿಂದೆ ಹಿಂದೆ ಹೋದರೆ ಆಯಾಸವೇ ಗೊತ್ತಾಗಲ್ಲ. ಸುಮಾರು ಏಳುನೂರು ಮೆಟ್ಟಿಲು ಆದ ಮೇಲೆ ನಂದಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು. ಅದರ ಕೊರಳಿನ ಗಂಟೆಯ ಸರವನ್ನು ಮಕ್ಕಳಿಗೆ ಎಣಿಸಲು ಹೇಳಿ, ಅಷ್ಟರಲ್ಲಿ ನೀವು ಸುಧಾರಿಸಿಕೊಳ್ಳಬಹುದು. ಮಂಡಿನೋವಿನ ಅಜ್ಜ ಅಜ್ಜಿ ಬಸ್ಸಲ್ಲಿ ಮೇಲೆ ಬರಲಿ.

ಈ ಕಾಲದಲ್ಲಿ ರಂಗನತಿಟ್ಟು ಕೂಡ ನೋಡಬೇಕು. ಕಾವೇರಿ ನಡುಗಡ್ಡೆಗಳ ಮರಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕಿನ ಹಕ್ಕಿ, ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ. 1940ರಲ್ಲಿ ಸಲೀಂ ಅಲಿ ಅವರ ಮಾತಿನ ಮೇಲೆ ಮಹಾರಾಜರು ಇದನ್ನು ಪಕ್ಷಿಧಾಮ ಮಾಡಿದರು ಅಂತ ನಾವು ಪಾಠ ಮಾಡುತ್ತೇವೆ. ದೋಣಿಯಲ್ಲಿ ಕೂತು ಒಂದು ಸಲ ನೋಡಿದ ಮಗುವಿಗೆ ಆ ಪಾಠ ಮತ್ತೆ ಹೇಳಿಕೊಡಬೇಕಾಗಿಲ್ಲ. ಅಷ್ಟು ದೂರ ಆಗಲ್ಲ ಅಂದರೆ ಕಾರಂಜಿ ಕೆರೆ, ಮೃಗಾಲಯ ಇವೆ, ಎರಡಕ್ಕೂ ಮಂಗಳವಾರ ರಜೆ, ಮರೆಯಬೇಡಿ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡ್ ಜೊತೆಗಿಟ್ಟುಕೊಂಡರೆ ಖರ್ಚು ಇನ್ನೂ ಕಡಿಮೆ. ಹೋಟೆಲ್ ಬೇಡ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಳ್ಳಿ, ಮರದ ಕೆಳಗೆ ಕೂತು ತಿನ್ನುವ ಮೊಸರನ್ನದ ರುಚಿಯೇ ಬೇರೆ. ಪ್ಲಾಸ್ಟಿಕ್ ಅಲ್ಲಿ ಬಿಸಾಕಬೇಡಿ. ಮತ್ತೆ, ದಯವಿಟ್ಟು ಕೇಳಿ: ಸಂಗಮ, ಬಲಮುರಿ, ಕೆಆರ್‌ಎಸ್ ಹಿನ್ನೀರು, ಎಲ್ಲಿಗೇ ಹೋದರೂ ಮಕ್ಕಳ ಕೈ ಬಿಡಬೇಡಿ, ನೀರಿಗೆ ಇಳಿಸಬೇಡಿ. ಮೇಲೆ ಸುಮ್ನೆ ಇರುವ ಹಾಗೆ ಕಾಣುವ ನೀರಿನಲ್ಲಿ ಕೆಳಗೆ ಸೆಳೆತ ಇರುತ್ತೆ.

ಪರೀಕ್ಷೆ ಹತ್ತಿರ ಬಂತು. ಈ ಎರಡು ತಿಂಗಳು ಎಲ್ಲಾ ಮನೆಗಳಲ್ಲೂ ಆಟ ಬಂದ್, ಊರು ಸುತ್ತುವುದು ಬಂದ್, ನಗುವೂ ಬಂದ್. ಹಾಗೆ ಮಾಡಬೇಡಿ. ಆಡಿ ಬಂದು ಓದಿದರೆ ತಲೆಗೆ ಹತ್ತುತ್ತೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು, ರಾತ್ರಿ ಹನ್ನೊಂದರವರೆಗೆ ಕೂರಿಸಿ ಓದಿಸಿದರೆ ಬೆಳಿಗ್ಗೆ ನನ್ನ ತರಗತಿಯಲ್ಲಿ ತೂಕಡಿಸುತ್ತಾರೆ. ಪಕ್ಕದ ಮನೆ ಹುಡುಗಿಯನ್ನು ನೋಡಿ ಕಲಿ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರದಿರಲಿ, ಆ ಪಕ್ಕದ ಮನೆ ಹುಡುಗಿಗೂ ಅವಳ ಮನೆಯಲ್ಲಿ ನಿಮ್ಮ ಮಗನನ್ನು ತೋರಿಸಿ ಹೀಗೇ ಹೇಳುತ್ತಿದ್ದಾರೆ, ಇಬ್ಬರೂ ನನ್ನ ಹತ್ತಿರ ಬಂದು ಅತ್ತಿದ್ದಾರೆ. ಮಾರ್ಕ್ಸ್ ಎಷ್ಟು ಅಂತ ಕೇಳುವ ಮೊದಲು ಇವತ್ತು ಏನು ಆಡಿದೆ, ಯಾರ ಜೊತೆ ಊಟ ಮಾಡಿದೆ ಅಂತ ಕೇಳಿ. ಕೇಳಿ ಫೋನ್ ನೋಡುತ್ತಾ ಕೂರಬೇಡಿ, ಅವರು ಹೇಳಿ ಮುಗಿಸುವವರೆಗೂ ಮುಖ ನೋಡಿ. ಮಗು ಒಂದು ಲೋಟ ತೊಳೆದಿಟ್ಟರೂ, ಚೆನ್ನಾಗಿ ಮಾಡಿದೆ ಕಂದಾ ಅನ್ನಿ.

ಶಾಲೆಯ ಕಡೆಯಿಂದ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಫೆಬ್ರವರಿ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಲ್ಲರೂ ಸೇರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ. ಕುವೆಂಪು ಅವರು ದಿನಾ ತಿರುಗಾಡುತ್ತಿದ್ದ ಜಾಗ. ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರು ಬೇಕಾದರೂ ಬನ್ನಿ. ನಡೆಯಲು ಆಗುವವರು ಒಂದು ಸುತ್ತು ಬರೋಣ, ಆಗದವರು ಕಲ್ಲು ಬೆಂಚಿನ ಮೇಲೆ ಕೂತು ಹಕ್ಕಿ ನೋಡಲಿ. ಎಂಟೂವರೆಗೆ ಶಾಲೆಗೆ ವಾಪಸ್ ಬಂದು ಆಟ. ಬಿಸಿಯೂಟದ ಅಕ್ಕಂದಿರು ತಾವಾಗೇ ಅವರೆಕಾಳು ಉಪ್ಪಿಟ್ಟು ಮಾಡುತ್ತೇವೆ ಅಂದಿದ್ದಾರೆ. ಕಾಳು ಬಿಡಿಸಿಕೊಡಲು ಶನಿವಾರ ಮಧ್ಯಾಹ್ನ ಮೂರಕ್ಕೆ ಬಿಡುವಿರುವವರು ಬಂದರೆ ಅವರಿಗೆ ಸಹಾಯ ಆಗುತ್ತೆ.

ಕುಂಟೆಬಿಲ್ಲೆ ಆಡುವ ಆ ಅಮ್ಮನೂ ಖಂಡಿತ ಬರಬೇಕು. ಐದನೇ ತರಗತಿಯ ಹುಡುಗಿಯರೆಲ್ಲಾ ನಿಮಗಾಗಿ ಕಾಯುತ್ತಿದ್ದಾರೆ. ಬರುವವರು ಎಷ್ಟು ಜನ ಅಂತ ಈ ಶುಕ್ರವಾರದ ಒಳಗೆ ತರಗತಿ ಟೀಚರ್‌ಗೆ ತಿಳಿಸಿ. ತಟ್ಟೆ, ಲೋಟ, ನೀರಿನ ಬಾಟಲಿ ಮನೆಯಿಂದಲೇ ತನ್ನಿ.

ಪ್ರೀತಿಯಿಂದ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ