ಅಕ್ಕ-ತಂಗಿ ಹೊಂಡದ ಲೆಕ್ಕ

ಆತ್ಮೀಯರೇ,

ರಜೆಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಅಜ್ಜಿ ಮನೆಗೆ ಹೋಗಿ ಬಂದ ಪುಟ್ಟಿಯೊಬ್ಬಳು, ಇಲ್ಲಿ ಹೊರದೇಶದಲ್ಲಿ ನಮ್ಮ ಸಂಘ ನಡೆಸುವ ಭಾನುವಾರದ ಕನ್ನಡ ತರಗತಿಯಲ್ಲಿ ಕೇಳಿದಳು: "ಅಲ್ಲಿ ಸ್ಕೂಲ್ ಮಕ್ಕಳ ಹಲ್ಲು ಯಾಕೆ ಕಂದು ಇದೆ? ಅವರು ಹಲ್ಲು ಉಜ್ಜಲ್ವಾ?"

ಉಜ್ಜುತ್ತಾರಮ್ಮ. ಅದು ಬೋರ್‌ವೆಲ್ ನೀರಿನ ಫ್ಲೋರೈಡ್ ಕಲೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಒಸಡಿನೊಳಗೆ ಹಲ್ಲು ಬಲಿಯುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಈ ಕಲೆ ಕೂರುತ್ತದೆ. ಹಾಗಾಗಿ ಒಳ್ಳೆಯ ನೀರು ಮೊದಲು ಸಿಗಬೇಕಾದ್ದು ಅಂಗನವಾಡಿ ಮತ್ತು ನಲಿಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳಿಗೆ.

ಈ ರಾಜ್ಯೋತ್ಸವಕ್ಕೆ ಊರಿನ ಶಾಲೆಗಳಿಗೆ ಏನು ಕಳಿಸೋಣ ಎಂದಾಗ ಸ್ಮಾರ್ಟ್ ಟಿವಿ, ನೀರು ಶುದ್ಧಿಮಾಡುವ ಆರ್‌ಓ ಯಂತ್ರ ಎಂದವರೇ ಹೆಚ್ಚು. ಆರ್‌ಓ ಫ್ಲೋರೈಡ್ ತೆಗೆಯುವುದು ನಿಜ. ಆದರೆ ಗಡಸು ನೀರಿಗೆ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಬದಲಿಸಲು ಶಾಲೆಯ ಬಳಿ ದುಡ್ಡಿರುವುದಿಲ್ಲ, ಯಂತ್ರ ಮೂಲೆ ಸೇರುತ್ತದೆ. ನನ್ನ ಮತ ಮಳೆನೀರಿಗೆ.

ಚಿತ್ರದುರ್ಗದವರಿಗೆ ಇದನ್ನು ಹೊಸದಾಗಿ ಹೇಳಬೇಕೇ? ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಹನಿಯನ್ನೂ ಬಿಡದೆ ಹಿಡಿದವರ ಊರು ನಮ್ಮದು. ಶಾಲೆಯ ಆರ್‌ಸಿಸಿ ಚಾವಣಿಯೂ ಒಂದು ಬಂಡೆಯೇ.

ಲೆಕ್ಕ ನೋಡಿ. 100 ಚದರ ಮೀಟರ್ ಚಾವಣಿ, 150 ಮಿ.ಮೀ. ಮಳೆ, ಸೋರಿಕೆ ಕಳೆದು ನೂರಕ್ಕೆ ಎಂಬತ್ತು ಪಾಲು: 12,000 ಲೀಟರ್. ಅರವತ್ತು ಮಕ್ಕಳಿಗೆ ಕುಡಿಯಲು, ಬಿಸಿಯೂಟದ ಅಡುಗೆಗೆ ಸೇರಿ ದಿನಕ್ಕೆ ತಲಾ ಒಂದೂವರೆ ಲೀಟರ್‌ನಂತೆ 120 ಶಾಲಾ ದಿನಕ್ಕೆ ಬೇಕಾದ್ದು 10,800. ಹಿಂಗಾರಿನಲ್ಲಿ ಸಂಪು ತುಂಬಿದರೆ ಏಪ್ರಿಲ್‌ವರೆಗೆ ಸಾಕು. ಅಡುಗೆಗೂ ಇದೇ ನೀರು ಬೇಕು, ಅನ್ನ-ಸಾರಿನ ಜೊತೆ ಫ್ಲೋರೈಡೂ ಹೊಟ್ಟೆಗೆ ಹೋಗುತ್ತದಲ್ಲ.

ಕೆಡುವುದು ಪ್ರತಿ ಮಳೆಯ ಮೊದಲ ನೀರಿನಲ್ಲಿ. ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಮೊದಲ 2 ಮಿ.ಮೀ. ಮಳೆ ಹೊರಗೆ ಹೋಗಬೇಕು, ಅಂದರೆ 200 ಲೀಟರ್. ಇದಕ್ಕೆಂದು ಮೇಸ್ತ್ರಿಗಳು ಸಾಮಾನ್ಯವಾಗಿ ನಾಲ್ಕಿಂಚಿನ ಪೈಪ್ ಒಂದು ಮೀಟರ್ ಇಳಿಬಿಟ್ಟು ಮುಚ್ಚಳ ಹಾಕುತ್ತಾರೆ. ಅದರಲ್ಲಿ ಹಿಡಿಯುವುದು ಎಂಟೇ ಲೀಟರ್! 200 ಲೀಟರ್ ಡ್ರಮ್ಮನ್ನೇ ಕೂರಿಸಿ, ತಳಕ್ಕೊಂದು ನಲ್ಲಿ ಕೊಡಿಸಿ. ಪ್ರತಿ ಮಳೆ ನಿಂತ ಮೇಲೆ ನಲ್ಲಿ ಬಿಟ್ಟು ಡ್ರಮ್ ಖಾಲಿ ಮಾಡಬೇಕು. ಒಳ್ಳೆಯ ಮಳೆ ಬರುವುದೇ ದಸರಾ ರಜೆಯಲ್ಲಿ, ಗೇಟಿಗೆ ಬೀಗ ಬಿದ್ದಾಗ. ಆ ಕೆಲಸಕ್ಕೆ ಶಾಲೆ ಪಕ್ಕದ ಮನೆಯವರೊಬ್ಬರನ್ನು ಗೊತ್ತುಮಾಡಿ, ಸಂಭಾವನೆಯನ್ನು ನಮ್ಮ ನಿಧಿಯಲ್ಲೇ ಸೇರಿಸೋಣ. ಸಂಪಿನ ಬಾಯಿಗೆ ಬೆಳಕು ಬೀಳದ ಮುಚ್ಚಳ, ಹೊರಹರಿವಿನ ಪೈಪಿಗೆ ಸೊಳ್ಳೆ ಜಾಲರಿ, ನೀರೆತ್ತಲು ಕೈಪಂಪು, ಬಿಂದಿಗೆ ಅದ್ದಕೂಡದು. ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಹಳೆಯ, ಬಾಯಿ ತೆರೆದಿಟ್ಟ ಪೌಡರಿಗೆ ಸತ್ವವಿರುವುದಿಲ್ಲ.

ಹಣದ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಡಬಹುದು. ಇಲ್ಲಿನ ಪೌರತ್ವ ಪಡೆದವರ ಹಣ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ. ನಮ್ಮ ಸಂಘದ ಹಣವೂ ಅಷ್ಟೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಖಾತೆಗೆ ಅದು ಹೋಗುವಂತಿಲ್ಲ. ನೋಂದಣಿ ಇರುವ ಸಂಸ್ಥೆ ಕೂಡ 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಕೆಲಸವನ್ನು ತಾನೇ ಮಾಡಿಸಬೇಕು. ಯಾರದೋ ಸ್ವಂತ ಖಾತೆಗೆ ದಯವಿಟ್ಟು ಹಾಕಬೇಡಿ. ಎಲ್ಲಕ್ಕಿಂತ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಆಗಲಿ. ಅಲ್ಲಿ ಮುಕ್ಕಾಲು ಪಾಲು ಪೋಷಕರೇ, ನಿಮ್ಮ ಅಣ್ಣನೋ ಅತ್ತಿಗೆಯೋ ಇದ್ದಾರು. ಒಂದು ಫೋನ್ ಮಾಡಿ.

ಸೂಚನೆಗಳು: ರಾಜ್ಯೋತ್ಸವ ಶನಿವಾರ ಸಂಜೆ 4ಕ್ಕೆ, ಎಂದಿನ ಸಭಾಂಗಣ. ಮಕ್ಕಳ ನಾಟಕದ ತಾಲೀಮು ಶುಕ್ರವಾರ. ಮಂಡಕ್ಕಿ ಒಗ್ಗರಣೆ ದಾವಣಗೆರೆ ಬಳಗದ್ದು. ಮೆಣಸಿನಕಾಯಿ ಬಜ್ಜಿ ಕರಿಯಲು ಇನ್ನಿಬ್ಬರು ಬೇಕು. ಸದಸ್ಯತ್ವ ನವೀಕರಣ ಬಾಗಿಲಲ್ಲೇ.

ಇನ್ನೊಂದು ಕೋರಿಕೆ. ಈ ಸಂಚಿಕೆಯ ಪ್ರೂಫ್ ನೋಡಲು ಯಾರೂ ಸಿಗಲಿಲ್ಲ, ತಪ್ಪುಗಳಿದ್ದರೆ ಮನ್ನಿಸಿ. ಲೆಕ್ಕಪತ್ರ ಬಲ್ಲವರೊಬ್ಬರು, ಸಿವಿಲ್ ಎಂಜಿನಿಯರ್ ಒಬ್ಬರು ತಿಂಗಳಿಗೆ ಎರಡು ಗಂಟೆ ಕೊಟ್ಟರೆ ಜಗಳೂರು, ಚಳ್ಳಕೆರೆ ಕಡೆಯ ಒಂದೊಂದು ಶಾಲೆಯಿಂದ ಮುಂದಿನ ಮುಂಗಾರಿನೊಳಗೆ ಶುರುಮಾಡಬಹುದು. ಶನಿವಾರ ನೋಂದಣಿ ಮೇಜಿನ ಹತ್ತಿರ ಹೆಸರು ಬರೆಸಿ.

– ಸಂಪಾದಕಿ